ಟವೆಲಿನ ಕೆಳಗಿನ ಕೈ

"ಹೆಂಗಸಿನ ಕೈ ಹಿಡಿದು ಬೆಲೆ ಕೇಳೋದಾ? ನನ್ನ ಹೆಂಡ್ತಿಗೆ ಗೊತ್ತಾದ್ರೆ ರಾತ್ರಿಗೆ ಕೂಳು ಹುಟ್ಟಲ್ಲ."

ಸೇಲಂ ಸೀಮೆಯ ಮೇಚೇರಿಯ ಕುರಿ ಸಂತೆಯಲ್ಲಿ ಒಬ್ಬ ದಲ್ಲಾಳಿ ಹೀಗಂದಾಗ ಸುತ್ತ ನಿಂತವರೆಲ್ಲ ನಕ್ಕರು. ಕಾಳಿಯಮ್ಮ ನಗಲಿಲ್ಲ. ಟಗರಿನ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡು ನಿಂತಳು.

ಅಲ್ಲಿನ ವ್ಯಾಪಾರವೇ ಹಾಗೆ. ಬೆಲೆಯನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಮಾರುವವನೂ ಕೊಳ್ಳುವವನೂ ಬಲಗೈ ಚಾಚುತ್ತಾರೆ, ಮೇಲೆ ಒಂದು ಟವೆಲು ಬೀಳುತ್ತದೆ. ಅದರ ಮರೆಯಲ್ಲಿ ಹಿಡಿದ ಬೆರಳೇ ಬೆಲೆ ಹೇಳುತ್ತದೆ. ಒಪ್ಪಿಗೆಯಾದರೆ ಇಡೀ ಅಂಗೈ ಹಿಡಿಯಬೇಕು. ಕೈ ಕಿತ್ತುಕೊಂಡರೆ ವ್ಯಾಪಾರ ಮುರಿಯಿತು ಎಂದೇ ಲೆಕ್ಕ. ಪಕ್ಕದಲ್ಲಿ ನಿಂತವನಿಗೂ ಒಳಗೇನು ನಡೆಯಿತೆಂದು ತಿಳಿಯದು.

ಇದೆಲ್ಲ ಗಂಡಸರ ಕೆಲಸ. ಕಾಳಿಯಮ್ಮನ ಕುರಿಗಳನ್ನೂ ಅವಳ ಅಣ್ಣ ಕುಪ್ಪಸ್ವಾಮಿಯೇ ಮಾರುತ್ತಿದ್ದ. ಒಳ್ಳೆಯವನು. ಆದರೆ ಯಾರಾದರೂ ಹೆಗಲ ಮೇಲೆ ಕೈ ಹಾಕಿ ಟೀ ಕುಡಿಸಿದರೆ ಸಾಕು, ಕೊಟ್ಟಷ್ಟಕ್ಕೆ ಕುರಿ ಬಿಟ್ಟು ಬರುವವನು. ಕಾಳಿಯಮ್ಮನಾದರೋ ಗಂಡ ಸತ್ತ ಮೇಲೆ ತವರಿಗೆ ಬಂದು, ಒಂದೆರಡು ಮರಿಯಿಂದ ಸ್ವಂತ ಮಂದೆ ಕಟ್ಟಿದವಳು. ಈ ಸಲ ತಾನೇ ಬಂದಿದ್ದಳು. ಬಂದರೆ ಅವಳ ಕೈ ಮುಟ್ಟುವವರೇ ಇಲ್ಲ!

"ನನಗೆ ಮನೇಲಿ ಕೇಳೋರು ಯಾರೂ ಇಲ್ಲ. ಕೈ ಕೊಡಮ್ಮ."

ಗುಂಪಿನ ಹಿಂದಿನಿಂದ ಬಂದ ದನಿ. ಎತ್ತರದ ಆಳು, ಹೆಗಲ ಮೇಲೆ ನೀಲಿ ಅಂಚಿನ ಟವೆಲು. ಚಿನ್ನರಾಜ್. ಆ ಸಂತೆಯಲ್ಲಿ ಸುಳ್ಳು ಹೇಳದ ದಲ್ಲಾಳಿ ಎಂದು ಹೆಸರಾದವನು, ಹಾಗಾಗಿ ಅಷ್ಟೇನೂ ಸಂಪಾದಿಸದವನು.

ಟವೆಲು ಬಿತ್ತು. ಅವನು ಅವಳ ಬೆರಳು ಹಿಡಿದ. ಅವಳು ತಲೆಯಾಡಿಸಿದಳು. ಇನ್ನೊಂದು ಬೆರಳು ಸೇರಿಸಿದ. ಅವಳು ಮತ್ತೆ ತಲೆಯಾಡಿಸಿದಳು. ಅವನ ತುಟಿಯಂಚಿನಲ್ಲಿ ನಗು... ಆಮೇಲೆ ಅವಳೇ ಅವನ ಇಡೀ ಅಂಗೈ ಹಿಡಿದಳು.

ವ್ಯಾಪಾರ ಮುಗಿಯಿತು. ಕೈ ಮಾತ್ರ ಒಂದು ಗಳಿಗೆ ಹೆಚ್ಚೇ ಅಲ್ಲಿತ್ತು. ಯಾರು ಬಿಡಲಿಲ್ಲವೋ, ಇಬ್ಬರಿಗೂ ಗೊತ್ತಿಲ್ಲ.

ಮುಂದಿನ ವಾರ ಮಾರಲು ಏನೂ ಇಲ್ಲದಿದ್ದರೂ ಅವಳು ಸಂತೆಗೆ ಹೋದಳು. ಹಗ್ಗ ಕೊಳ್ಳಬೇಕು ಎಂದು ಅತ್ತಿಗೆ ದೊಡ್ಡಕ್ಕನಿಗೆ ಹೇಳಿದಳು. ಅದರ ಮುಂದಿನ ವಾರವೂ ಹಗ್ಗವೇ. ಮೂರನೆಯ ಸಲ ದೊಡ್ಡಕ್ಕ ಕೇಳಿಯೇಬಿಟ್ಟಳು, ಇಷ್ಟು ಹಗ್ಗದಲ್ಲಿ ಕಟ್ಟೋದು ಕುರಿನಾ, ದಲ್ಲಾಳಿನಾ ಎಂದು.

ಮಳೆಗಾಲ ಮುಗಿಯುವ ಹೊತ್ತಿಗೆ ಚಿನ್ನರಾಜ್ ಮನೆಗೆ ಬಂದು ಕುಪ್ಪಸ್ವಾಮಿಯೊಡನೆ ಮಾತಾಡಿದ. ಹೆಂಡತಿ ತೀರಿಹೋಗಿ ಒಂಟಿಯಾಗಿದ್ದವನು. ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು ಅವರಲ್ಲಿ ಇದ್ದದ್ದೇ. ಸಂಕ್ರಾಂತಿ ಬಂದು ತೈ ತಿಂಗಳು ಹುಟ್ಟಲಿ, ಸೀರೆ ಉಡಿಸೋಣ ಎಂದು ಮಾತಾಯಿತು.

ಅಷ್ಟರಲ್ಲಿ ಅದು ಸಿಕ್ಕಿತು. ಬಲ ಎದೆಯಲ್ಲಿ ಒಂದು ಗಂಟು.

ಸಿಕ್ಕಿದ್ದು ಆಗ ಅಲ್ಲ, ನಿಜ ಹೇಳಬೇಕೆಂದರೆ. ಹಿಂದೊಮ್ಮೆ ಟಗರು ಗುಮ್ಮಿದ್ದರ ಬಾವು ಎಂದುಕೊಂಡು ಕಾಳಿಯಮ್ಮ ಸುಮ್ಮನಿದ್ದಳು. ನೋವಿಲ್ಲ, ಜ್ವರವಿಲ್ಲ, ಯಾರಿಗೆ ಹೇಳುವುದು? ಬೆನ್ನು ಉಜ್ಜಲು ಬಂದ ದೊಡ್ಡಕ್ಕ ಅದನ್ನು ಕಂಡು ಚೊಂಬು ಕೆಳಗಿಟ್ಟಳು. ಮರುದಿನವೇ ಗಂಡನನ್ನು ಹೊರಡಿಸಿ, ನಾದಿನಿಯನ್ನು ಸೇಲಂ ಬಸ್ಸಿಗೆ ಹತ್ತಿಸಿದಳು. ಬಸ್ಸಿನ ತುಂಬ ಸೇಲಂಗೆ ಉಕ್ಕಿನ ಕಾರ್ಖಾನೆ ಬರುತ್ತದಂತೆ ಎಂಬ ಮಾತು. ಕಾಳಿಯಮ್ಮನ ಕಿವಿಗೆ ಒಂದೂ ಬೀಳಲಿಲ್ಲ. ದಿನ ತುಂಬಿದ್ದ ಕಪ್ಪು ಮೂತಿ ಕುರಿಯನ್ನು ಅವಳು ಕೊಟ್ಟಿಗೆಯಲ್ಲಿ ಬಿಟ್ಟು ಬಂದಿದ್ದಳು.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಮಂಚ ಕೊಟ್ಟರು. ಫಲಿತಾಂಶ ಬಂದ ದಿನ ಡಾಕ್ಟರಮ್ಮ ಕುಪ್ಪಸ್ವಾಮಿಯನ್ನು ಮಾತ್ರ ಒಳಗೆ ಕರೆದರು.

ಹೊರಗೆ ಬಂದ ಅಣ್ಣನ ಮುಖ ಹಿಂಡಿದ ಬಟ್ಟೆಯಾಗಿತ್ತು.

"ಏನಂದ್ರಣ್ಣ?"

"ಏನಿಲ್ಲ ಕಣಮ್ಮ. ಸಣ್ಣ ಗಡ್ಡೆ. ಕಿತ್ತಾಕ್ತಾರೆ. ಊರಿಗೆ ಓಗ್ತಾ ಇರೋದೇ."

ಅವನು ಅವಳ ಕಣ್ಣು ನೋಡಲಿಲ್ಲ. ಕೆಮ್ಮುವ ಕುರಿಯನ್ನು ಸಂತೆಯಲ್ಲಿ ಮಾರಲು ಹೋಗಿ, ರೋಗ ಮುಚ್ಚಿಡಲಾಗದೆ ವಾಪಸ್ಸು ಹೊಡೆದುಕೊಂಡು ಬಂದಾಗಲೂ ಅವನ ಮುಖ ಹೀಗೇ ಇತ್ತು. ಅಣ್ಣನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದೊಂದೇ ಆಗ ಅವಳಿಗೆ ಭಯ ಹುಟ್ಟಿಸಿದ್ದು.

ಅವತ್ತೇ ಮಧ್ಯಾಹ್ನ ಚಿನ್ನರಾಜ್ ಬಂದ. ಅವಳ ಹತ್ತಿರ ಬರುವ ಮೊದಲೇ ಕುಪ್ಪಸ್ವಾಮಿ ಅವನನ್ನು ಆಸ್ಪತ್ರೆಯ ಅಂಗಳದ ಬೇವಿನ ಮರದಡಿಗೆ ಕರೆದೊಯ್ದ. ಕಿಟಕಿಯಿಂದ ಕಾಳಿಯಮ್ಮನಿಗೆ ಇಬ್ಬರೂ ಕಾಣುತ್ತಿದ್ದರು.

ಆಮೇಲೆ ಅವಳು ಕಂಡದ್ದು ಇದು. ಚಿನ್ನರಾಜನ ಹೆಗಲಿನಿಂದ ಆ ನೀಲಿ ಅಂಚಿನ ಟವೆಲನ್ನು ಅಣ್ಣನೇ ಎಳೆದು, ಇಬ್ಬರ ಕೈ ಮೇಲೆ ಹಾಕಿದ. ಒಂದು ಗಳಿಗೆ. ಚಿನ್ನರಾಜ್ ಏನೋ ಕೇಳಿದ. ಮರುಕ್ಷಣ ಕೈಗಳು ಬೇರೆಯಾದವು, ಟವೆಲು ನೆಲಕ್ಕೆ ಬಿತ್ತು. ಚಿನ್ನರಾಜ್ ಅದನ್ನು ಎತ್ತಿಕೊಂಡು, ತಲೆ ತಗ್ಗಿಸಿ, ಗೇಟು ದಾಟಿ ಹೋದ. ಅವಳ ಕಡೆಗೆ ತಿರುಗಿಯೂ ನೋಡಲಿಲ್ಲ.

ಕುರಿಯವರ ಮನೆಯ ಮಗುವಿಗೂ ಇದರ ಅರ್ಥ ಗೊತ್ತು. ಕೈ ಕಿತ್ತುಕೊಂಡರೆ ವ್ಯಾಪಾರ ಮುರಿಯಿತು.

'ಅಂದ್ರೆ ಸೀರೆ ಇಲ್ಲ. ರೋಗದ ಕುರಿ ಯಾರಿಗೆ ಬೇಕು... ನನ್ನ ರೋಗ ಏನು ಅಂತ ನನಗೇ ಗೊತ್ತಿಲ್ಲ, ಅವನಿಗೆ ಗೊತ್ತಾಯ್ತು, ಬಿಟ್ಟೋದ.'

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಭುಜ ಅಲುಗುವುದನ್ನು ತಡೆಯಲು ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡಳು.

"ಅಳ್ತೀಯಾ? ಅಳು. ಆದ್ರೆ ಯಾತಕ್ಕೆ ಅಂತ ಗೊತ್ತಿದ್ದು ಅಳು."

ಪಕ್ಕದ ಮಂಚದ ಮುನಿರತ್ನಮ್ಮ. ಧರ್ಮಪುರಿ ಕಡೆಯವಳು, ಗಂಡ ಹೊಗೆನಕಲ್ಲಿನಲ್ಲಿ ಹರಿಗೋಲು ನಡೆಸುವವನು. ನಲವತ್ತು ದಾಟಿದ ಹೆಂಗಸು. ಸದಾ ಎಲೆ ಅಡಿಕೆ, ಸದಾ ಮಾತು. ಬಂದ ದಿನದಿಂದ ಕಾಳಿಯಮ್ಮ ಅವಳನ್ನು ನೋಡುತ್ತಿದ್ದಳು. ಮುಂಜಾನೆ ಸಂಜೆ ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಜೇಡದಂತೆ ಮೇಲೆ ಮೇಲೆ ಹತ್ತಿಸುವುದು ಅವಳ ಅಭ್ಯಾಸ. ಹುಚ್ಚೇನೋ ಎಂದುಕೊಂಡಿದ್ದಳು.

ಕಾಳಿಯಮ್ಮ ಎದ್ದು ಕುಳಿತಳು. "ಅಕ್ಕ, ನನಗೇನಾಗೈತೆ? ನೀನಾದ್ರೂ ಯೋಳು."

ಮುನಿರತ್ನಮ್ಮ ಬಾಯಲ್ಲಿದ್ದುದನ್ನು ಉಗುಳಿ ಬಂದಳು. ಪರದೆ ಎಳೆದಳು. ರವಿಕೆಯ ಗುಂಡಿ ಬಿಚ್ಚಿದಳು. ಒಂದು ಕಡೆ ಎದೆ. ಇನ್ನೊಂದು ಕಡೆ ಮಟ್ಟಸವಾದ ಚರ್ಮ, ಅದರ ಮೇಲೆ ಓರೆಯಾಗಿ ಎಳೆದ ಗೆರೆಯಂಥ ಗಾಯದ ಗುರುತು.

ಕಾಳಿಯಮ್ಮನ ಕೈ ತನ್ನ ಬಲ ಎದೆಗೆ ಹೋಯಿತು.

"ಕ್ಯಾನ್ಸರ್ ಅಂತಾರೆ. ನನ್ನದೂ ನಿನ್ನದೂ ಒಂದೇ ವಾರ್ಡು, ಒಂದೇ ಡಾಕ್ಟ್ರು. ನೀನೇ ಲೆಕ್ಕ ಹಾಕ್ಕೊ. ನನಗೂ ಸಣ್ಣ ಗಡ್ಡೆ ಅಂದಿದ್ರು. ಎಚ್ಚರಾಗಿ ನೋಡ್ಕೊಂಡ್ರೆ ಹಿಂಗೆ! ಕೊಯ್ದಿದ್ದಕ್ಕೆ ಅಳಲಿಲ್ಲ ನಾನು. ನನ್ನ ಕೇಳದೆ ಕೊಯ್ದರಲ್ಲ, ಅದಕ್ಕೆ ಅತ್ತೆ."

"ಮನೆಯವರು... ಏನಂದ್ರು?"

"ನಮ್ಮನೆಯೋನಾ? ಹರಿಗೋಲು ಒಂದು ಕಡೆ ವಾಲಲ್ವಾ ಅಂದ. ಒಂದು ಹೊಡೆದೆ. ನಕ್ಕ. ಆಮೇಲೆ ಇಬ್ರೂ ಕೂತು ಅತ್ತೆವು." ಅವಳು ಗುಂಡಿ ಹಾಕಿಕೊಂಡಳು. "ಎದೆ ಓಯ್ತು ಕಣೇ, ಬಾಯಿ ಓಗಿಲ್ಲ. ನಿನಗೂ ಬಾಯಿ ಐತೆ. ಓಗಿ ಕೇಳು."

ಕಾಳಿಯಮ್ಮ ಕೇಳಿದಳು. ತಲೆ ಬಾಚಿಕೊಂಡು, ಸೆರಗು ಸರಿಮಾಡಿಕೊಂಡು, ನರ್ಸು ತಡೆದರೂ ನಿಲ್ಲದೆ ಡಾಕ್ಟರಮ್ಮನ ಕೋಣೆಗೆ ಹೋಗಿ ನಿಂತಳು. ತಮಿಳು ಅವಳಿಗೆ ಮನೆಮಾತು ಕನ್ನಡದಷ್ಟೇ ಸರಾಗ. ನಿನ್ನ ಅಣ್ಣನಿಗೆ ಎಲ್ಲ ಹೇಳಿದ್ದೇನಲ್ಲಮ್ಮ ಎಂದರು ಡಾಕ್ಟರಮ್ಮ, ಬರೆಯುತ್ತಿದ್ದುದರಿಂದ ತಲೆಯೆತ್ತದೆ.

"ಗಡ್ಡೆ ಇರೋದು ಅಣ್ಣನ ಎದೇಲಿ ಅಲ್ಲ, ಡಾಕ್ಟರಮ್ಮ."

ಪೆನ್ನು ನಿಂತಿತು. ಅವರು ಅವಳನ್ನು ಮೊದಲ ಸಲ ಸರಿಯಾಗಿ ನೋಡಿದರು. ಕುರ್ಚಿ ತೋರಿಸಿದರು.

ಮಾತು ಬಹಳ ಹೊತ್ತು ನಡೆಯಿತು. ಎದೆಯನ್ನೂ ಕಂಕುಳ ಗಂಟುಗಳನ್ನೂ ಪೂರ್ತಿ ತೆಗೆಯಬೇಕು, ಆಮೇಲೆ ಮದ್ರಾಸಿಗೆ ಹೋಗಿ, ಉಳಿದ ಬೇರು ಸುಡುವ ಕಿರಣದ ಕರೆಂಟು ಕೊಡಿಸಿಕೊಳ್ಳಬೇಕು ಎಂದರು. ಗಡ್ಡೆ ಮಾತ್ರ ತೆಗೆದರೆ ಆಗದೇ ಎಂದು ಕೇಳಿದಳು. ತೆಗೆಯಬಹುದು, ಆದರೆ ಬೇರು ಒಳಗೇ ಉಳಿಯಬಹುದು ಎಂದರು. ಏನೂ ಮಾಡದಿದ್ದರೆ? ಡಾಕ್ಟರಮ್ಮ ಅದನ್ನೂ ಮುಚ್ಚಿಡಲಿಲ್ಲ. ಮಾಡಿದರೆ ಗ್ಯಾರಂಟಿ ಇದೆಯೇ? ಇಲ್ಲ ಎಂದರು. ಇದು ಇನ್ನೊಬ್ಬರಿಗೆ ಅಂಟುತ್ತದೆಯೇ, ಬಲಗೈಯಲ್ಲಿ ಮರಿ ಎತ್ತಲು ಆಗುತ್ತದೆಯೇ, ಎಲ್ಲ ಕೇಳಿದಳು. ಕೊನೆಗೆ ಇದನ್ನೂ ಕೇಳಿದಳು:

"ನೀವೇ ನನ್ನ ಜಾಗದಲ್ಲಿದ್ರೆ?"

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ಅಳ್ತೀನಿ. ಅತ್ತುಬಿಟ್ಟು, ತೆಗೆಸ್ತೀನಿ."

ಅದು ಅವಳಿಗೆ ಹಿಡಿಸಿತು. ನಾಳೆಯವರೆಗೆ ಯೋಚಿಸುತ್ತೇನೆ, ಅಷ್ಟರಲ್ಲಿ ನನ್ನ ಅಣ್ಣನಿಂದ ಯಾವುದಕ್ಕೂ ಸಹಿ ಹಾಕಿಸಿಕೊಳ್ಳಬೇಡಿ ಎಂದು ಹೇಳಿ ಎದ್ದಳು.

ವರಾಂಡದಲ್ಲಿ ಕುಪ್ಪಸ್ವಾಮಿ ಸಿಕ್ಕಿದ. ತಂಗಿಗೆ ಎಲ್ಲ ಗೊತ್ತಾಗಿದೆ ಎಂದು ತಿಳಿದೊಡನೆ ಕಂಬಕ್ಕೊರಗಿ ಮಗುವಿನಂತೆ ಅತ್ತ. ಹೇಳಿದರೆ ನೀನು ಕುಸಿದುಹೋಗುತ್ತೀಯ ಅಂದುಕೊಂಡೆ ಎಂದ. ಅವಳೇ ಅವನ ಕಣ್ಣೊರೆಸಬೇಕಾಯಿತು. ಬೇವಿನ ಮರದಡಿಯ ಮಾತನ್ನು ಮಾತ್ರ ಅವಳು ಎತ್ತಲಿಲ್ಲ. ಬಿಟ್ಟುಹೋದವನ ಸುದ್ದಿ ಕೇಳಿ ಸಣ್ಣವಳಾಗುವುದು ಬೇಡವಾಗಿತ್ತು.

ಮರುದಿನ ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ಕುರಿಯ ವಾಸನೆ.

ದೊಡ್ಡಕ್ಕ ಬಂದಿದ್ದಳು. ಜೊತೆಗೆ ಪಕ್ಕದ ಮನೆಯ ಪಳನಿಯಮ್ಮ, ತಲೆ ಮೇಲೆ ರಾಗಿ ಹಿಟ್ಟಿನ ಗಂಟು. ಅವರ ಹಿಂದೆ, ಕೆದರಿದ ತಲೆ, ಮೊಣಕಾಲವರೆಗೆ ಕೆಸರು... ಚಿನ್ನರಾಜ್. ಕೈಯಲ್ಲೊಂದು ಹಳದಿ ಚೀಲ.

"ನಿನ್ನ ಕಪ್ಪು ಮೂತಿ ಕುರಿ ಅವಳಿ ಹಾಕೈತೆ," ಎಂದ. "ಒಂದು ಅಡ್ಡ ಸಿಕ್ಕಾಕ್ಕೊಂಡಿತ್ತು. ರಾತ್ರಿಯೆಲ್ಲ ಕೂತು ತೆಗೆದೆ. ಎಲ್ಡೂ ಚೆನ್ನಾಗವೆ. ನಿನಗೆ ಅದೇ ಯೋಚ್ನೆ ಇರ್ತದೆ ಅಂತ ನಿನ್ನೆ ಹಂಗೇ ಓಡಿದೆ."

ಕಾಳಿಯಮ್ಮ ಅವನನ್ನೇ ನೋಡಿದಳು. ಬಿಟ್ಟುಹೋದವನು ಅವಳ ಕೊಟ್ಟಿಗೆಗೆ ಹೋಗಿದ್ದನೇ?

ಆದರೂ ಕಂಡದ್ದು ಕಂಡದ್ದೇ. ಮುನಿರತ್ನಮ್ಮ ಮಿಕ್ಕಿಬ್ಬರನ್ನು ನೀರು ತರೋಣ ಬನ್ನಿ ಎಂದು ಎಬ್ಬಿಸಿಕೊಂಡು ಹೋದಳು. ನೀರಿನ ಕೊಡ ಅಲ್ಲೇ ತುಂಬಿ ನಿಂತಿತ್ತು.

"ನಿನ್ನೆ ಮರದ ಕೆಳಗೆ ಕೈ ಕಿತ್ಕೊಂಡೆ," ಎಂದಳು ಕಾಳಿಯಮ್ಮ. "ನಾನು ಕಿಟಕೀಲಿ ನೋಡಿದೆ."

ಚಿನ್ನರಾಜನಿಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಅವನು ಮಂಚದ ಪಕ್ಕ ನೆಲದ ಮೇಲೆ ಕುಳಿತುಬಿಟ್ಟ.

"ನಾನಲ್ಲ ಕಾಳಿ, ಕಿತ್ಕೊಂಡಿದ್ದು ನಿಮ್ಮಣ್ಣ. ಅವನಿಗೆ ಬಾಯಲ್ಲಿ ಯೋಳೋಕೆ ಆಗ್ಲಿಲ್ಲ. ಅದಕ್ಕೆ ಟವೆಲು ಹಾಕ್ದ. ಕೊಯ್ಯದೆ ಬಿಟ್ರೆ ಎಷ್ಟು ವರ್ಷ ಅಂತ ಒಂದು ಬೆರಳು ಹಿಡಿದ. ಕೊಯ್ದ್ರೆ ಎಷ್ಟು ಅಂತ ಕೇಳಿದೆ. ಡಾಕ್ಟ್ರು ಅವನಿಗೆ ಯೋಳಿರಲಿಲ್ಲ. ಎಷ್ಟು ಬೆರಳು ಹಿಡೀಬೇಕು ಅಂತ ಗೊತ್ತಾಗದೆ ಕೈ ಕಿತ್ಕೊಂಡ."

ಕಾಳಿಯಮ್ಮನ ಎದೆಯೊಳಗೆ ನಿನ್ನೆಯಿಂದ ಬಿಗಿದಿದ್ದ ಒಂದು ಹಗ್ಗ ಸಡಿಲವಾಯಿತು. ಅದರ ಹಿಂದೆಯೇ ಸಿಟ್ಟು ಬಂತು.

"ಸರಿ. ನೀನು ಬಿಟ್ಟೋಗ್ಲಿಲ್ಲ. ಆದ್ರೆ ನನಗೆ ಯೋಳ್ದೆ ಹೊಂಟೆ. ಇಬ್ರೂ ಸೇರಿ ಮುಚ್ಚಿಟ್ರಿ."

"ನಿಮ್ಮಣ್ಣ ಆಣೆ ಹಾಕಿಸ್ಕೊಂಡ..."

"ನನ್ನ ಟಗರಿಗೆ ಬೆಲೆ ಕೇಳೋವಾಗ ಸಂತೆಯೆಲ್ಲ ನಕ್ರೂ ನನ್ನ ಕೈ ಕೇಳ್ದೆ. ನನ್ನ ಜೀವದ ಮಾತು ಬಂದಾಗ ಅಣ್ಣನ ಕೈ ಹಿಡಿದೆ. ಯಾಕೆ?"

ಸಂತೆಯಲ್ಲಿ ಎಂಥವರನ್ನೂ ಮಾತಿನಲ್ಲಿ ಕಟ್ಟಿಹಾಕುವವನು ಕಾಲಿನ ಒಣಗಿದ ಕೆಸರನ್ನು ಉಗುರಿನಿಂದ ಕೆರೆದ.

"ತಪ್ಪಾಯ್ತು," ಎಂದ ಕೊನೆಗೆ. "ಇನ್ನು ನಿನ್ನ ಮಾತನ್ನ ನಿನ್ನ ಹತ್ರನೇ ಆಡ್ತೀನಿ."

ಅವನು ಹಳದಿ ಚೀಲ ಮುಂದಿಟ್ಟ. ಒಳಗೆ ಸೀರೆ. ಎಡಪ್ಪಾಡಿ ಮಗ್ಗದ್ದು, ಅರಿಸಿನ ಬಣ್ಣ, ಕೆಂಪು ಅಂಚು. ತೈ ತಿಂಗಳು ಯಾಕೆ, ಇವತ್ತೇ ಉಡಿಸುತ್ತೇನೆ, ಗಂಡ ಅಂತ ಒಬ್ಬನಿದ್ದರೆ ಆಸ್ಪತ್ರೆಯವರೂ ಮರ್ಯಾದೆ ಕೊಡುತ್ತಾರೆ ಎಂದ.

ಕಾಳಿಯಮ್ಮ ಸೀರೆಯ ಅಂಚನ್ನು ಬೆರಳಲ್ಲಿ ಸವರಿದಳು. ಆಸೆಯಾಯಿತು. ಇಂಥ ಆಸೆ ಅವಳಿಗೆ ಬಹಳ ವರ್ಷದಿಂದ ಆಗಿರಲಿಲ್ಲ. ಆಮೇಲೆ ಮಡಿಸಿ ಚೀಲಕ್ಕೇ ಹಾಕಿದಳು.

"ಮೊದ್ಲು ಆಪರೇಷನ್. ಆಮೇಲೆ ನನ್ನ ನೋಡು. ನೋಡಿ ಕೇಳು."

"ನೋಡೋದಕ್ಕೇನೈತೆ?"

"ಸಂತೇಲಿ ಹಲ್ಲು ನೋಡ್ದೆ ಕುರಿ ತಗೋತೀಯ?"

"ನೀನೇನು ಕುರಿಯಾ?"

"ಅದನ್ನೇ ನಾನೂ ನಿನ್ನೆಯಿಂದ ಎಲ್ರಿಗೂ ಯೋಳ್ತಾ ಇರೋದು."

ಅವನು ನಕ್ಕ. ನಗುತ್ತಲೇ ಟವೆಲಿನ ತುದಿಯಿಂದ ಕಣ್ಣೊರೆಸಿಕೊಂಡ.

ಅವತ್ತೇ ಅವಳು ತನ್ನ ತೀರ್ಮಾನ ಹೇಳಿದಳು. ಪೂರ್ತಿ ತೆಗೆಯಲಿ. ಸಹಿಗೆ ಕಾಗದ ತಂದ ಗುಮಾಸ್ತ ರೂಢಿಯಂತೆ ಕುಪ್ಪಸ್ವಾಮಿಯ ಮುಂದೆ ಹಿಡಿದ. ಕುಪ್ಪಸ್ವಾಮಿ ತಾನೇ ಅದನ್ನು ತಂಗಿಯ ಕಡೆ ತಳ್ಳಿದ. ಗುಮಾಸ್ತ ಡಾಕ್ಟರಮ್ಮನ ಮುಖ ನೋಡಿದ. ಅವರು ಇಂಕಿನ ಡಬ್ಬಿಯನ್ನು ಕಾಳಿಯಮ್ಮನ ಹತ್ತಿರ ಸರಿಸಿದರು. ಮೊದಲು ಅವಳ ಹೆಬ್ಬೆಟ್ಟು ಬಿತ್ತು. ಅಣ್ಣನ ಸಹಿ ಅದರ ಕೆಳಗೆ.

ಧೈರ್ಯವೇನೂ ಆಕಾಶದಿಂದ ಇಳಿಯಲಿಲ್ಲ. ಅದು ಜನರಿಂದ ಬಂತು. ದೊಡ್ಡಕ್ಕ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದಳು, ವಾರ್ಡಿನ ಆಯಾ ಬೈದರೂ ಏಳಲಿಲ್ಲ. ಪಳನಿಯಮ್ಮ ಊರ ಹೆಂಗಸರನ್ನು ಸೇರಿಸಿ, ಯಾರು ಯಾವತ್ತು ಅಂಬಲಿ ಕಳಿಸಬೇಕೆಂದು ಜಗಳವಾಡಿ ಗೊತ್ತುಮಾಡಿದಳು. ಮಂದೆ ಚಿನ್ನರಾಜನ ಪಾಲಿಗೆ. ಸಂತೆ ಬಿಟ್ಟು ಅವನು ಕುರಿಯ ಹಿಂದೆ ತಿರುಗಿದ. ಹೆಂಗಸಿನ ಕುರಿ ಕಾಯುವ ದಲ್ಲಾಳಿ ಎಂದು ಜೊತೆಯವರು ರೇಗಿಸಿದರೆ, ಕೂಲಿ ಚೆನ್ನಾಗಿದೆ ಎನ್ನುತ್ತಿದ್ದ.

ಆಪರೇಷನ್ ಆಯಿತು. ಎಚ್ಚರವಾದಾಗ ನೋವಿತ್ತು, ಗಾಬರಿ ಇರಲಿಲ್ಲ. ಎಲ್ಲಿ ಏನಿಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಅತ್ತಳು, ಯಾತಕ್ಕೆಂದು ಗೊತ್ತಿದ್ದೇ ಅತ್ತಳು.

ಬಲಗೈ ಮಾತ್ರ ಮೇಲೇಳಲಿಲ್ಲ. ಮರದ ಕೊರಡಿನಂತೆ ಬಿದ್ದಿತ್ತು. ಈಗ ಗೋಡೆಯ ಮುಂದೆ ಇಬ್ಬರು ನಿಂತರು. "ಹತ್ತಿಸು, ಇನ್ನೊಂದು ಗೇಣು," ಎಂದು ಮುನಿರತ್ನಮ್ಮ ಗದರಿಸುತ್ತಿದ್ದಳು. "ನನ್ನ ಬೆರಳು ಸೂರು ಮುಟ್ಟೋವಾಗ ನಿಂದು ಇನ್ನೂ ಕಿಟಕೀಲೇ ಇರ್ಬೇಕಾ?"

ಮದ್ರಾಸಿನ ಕರೆಂಟು ಮುಗಿಸಿಕೊಂಡು ಊರಿಗೆ ಬಂದ ಮೇಲೂ ಕಾಳಿಯಮ್ಮ ಆ ಅಭ್ಯಾಸ ಬಿಡಲಿಲ್ಲ. ಕೊಟ್ಟಿಗೆಯ ಮಣ್ಣುಗೋಡೆಯ ಮೇಲೆ ಬೆರಳು ತಲುಪಿದ ಕಡೆ ಇದ್ದಿಲಿನ ಗೆರೆ ಎಳೆಯುತ್ತಿದ್ದಳು. ಗೆರೆಗಳು ನಿಧಾನವಾಗಿ ಮೇಲೇರಿದವು. ಮುನಿರತ್ನಮ್ಮ ರವಿಕೆಯೊಳಗೆ ಇಟ್ಟುಕೊಳ್ಳಲು ಹತ್ತಿಯ ಉಂಡೆಯನ್ನೂ ಹೊಲಿದುಕೊಟ್ಟಿದ್ದಳು. ಕಾಳಿಯಮ್ಮ ಅದನ್ನು ಮದುವೆ ಮುಂಜಿಗೆ ಹೋಗುವಾಗ ಇಟ್ಟುಕೊಂಡಳು, ಉಳಿದ ದಿನ ಗೂಡಿನಲ್ಲಿಟ್ಟಳು.

ಚಿನ್ನರಾಜ್ ದಿನವೂ ಬಂದ. ಕುರಿಯ ಮಾತಾಡಿದ, ಹೋದ. ಅವಳು ನೋಡಿ ಕೇಳು ಅಂದಿದ್ದಳಲ್ಲ, ಕೇಳುವ ಹೊತ್ತು ಅವಳೇ ಗೊತ್ತುಮಾಡಲಿ ಎಂದು ಕಾದ. ತೈ ತಿಂಗಳು ಬಂದು ಹೋಯಿತು.

ಬಿಸಿಲೇರಿದ ಒಂದು ಸಂತೆಯ ದಿನ, ಕಪ್ಪು ಮೂತಿ ಕುರಿಯ ಅವಳಿಯಲ್ಲೊಂದನ್ನು ಹಿಡಿದುಕೊಂಡು ಕಾಳಿಯಮ್ಮ ಮೇಚೇರಿಗೆ ಬಂದಳು. ಅಡ್ಡ ಸಿಕ್ಕಿಕೊಂಡಿದ್ದ ಮರಿ ಈಗ ಕೊಂಬು ಮೂಡುತ್ತಿದ್ದ ಟಗರು. ರವಿಕೆಯ ಒಂದು ಕಡೆ ಚಪ್ಪಟೆಯಾಗಿಯೇ ಇತ್ತು, ಸೆರಗನ್ನು ಅವಳು ಮುಚ್ಚಿ ಹೊದೆಯಲಿಲ್ಲ. ಕೆಲವರು ನೋಡಿ ಮುಖ ತಿರುಗಿಸಿದರು. ಅವತ್ತು ಎಲ್ಲರನ್ನೂ ನಗಿಸಿದ್ದ ದಲ್ಲಾಳಿ ಮಾತ್ರ ಜಾಗ ಬಿಟ್ಟು ಸರಿದು ನಿಂತ.

ಅವಳು ನೇರ ಚಿನ್ನರಾಜನ ಮುಂದೆ ಹೋಗಿ ನಿಂತಳು.

"ನೋಡ್ದ್ಯಾ?" ಎಂದಳು.

"ನೋಡ್ದೆ."

"ಹಂಗಾದ್ರೆ ಕೇಳು."

ಚಿನ್ನರಾಜ್ ಹೆಗಲಿನಿಂದ ಟವೆಲು ತೆಗೆದ. ನೀಲಿ ಅಂಚು ಬಣ್ಣಗೆಟ್ಟಿತ್ತು. ಕೈ ಚಾಚಿದ. ಅವಳು ಎಡಗೈ ಕೊಡುತ್ತಾಳೆಂದು ಎಡಗೈಯನ್ನೇ ಚಾಚಿದ್ದ. ಅವಳು ತಲೆಯಾಡಿಸಿದಳು. ಹಗ್ಗವನ್ನು ಎಡಗೈಗೆ ಬದಲಿಸಿಕೊಂಡು ಬಲಗೈಯನ್ನು ಮೆಲ್ಲಗೆ ಎತ್ತಿದಳು. ಅದು ನಡುಗುತ್ತ ಮೇಲೆ ಬಂತು, ಗೋಡೆಯ ಮೇಲೆ ಒಂದೊಂದೇ ಗೆರೆ ದಾಟಿದ ಹಾಗೆ.

ಟವೆಲು ಬಿತ್ತು.

ಅವನು ಯಾವ ಬೆರಳನ್ನೂ ಹಿಡಿಯಲಿಲ್ಲ. ಹಿಡಿದರೆ ವರ್ಷದ ಲೆಕ್ಕವಾಗುತ್ತದೆಂದು ಅವನಿಗೆ ಭಯ. ಅಂಗೈ ತೆರೆದು ಕಾದ. ಸಾವಿರ ಕುರಿ ಅರಚುವ ಆ ಸಂತೆಯಲ್ಲಿ ಅವರಿಬ್ಬರಿಗೆ ಏನೂ ಕೇಳಿಸಲಿಲ್ಲ.

ಕಾಳಿಯಮ್ಮನೂ ಬೆರಳು ಎಣಿಸಲಿಲ್ಲ. ಇದ್ದ ಬಲವನ್ನೆಲ್ಲ ಕೂಡಿಸಿ ಅವನ ಇಡೀ ಅಂಗೈ ಹಿಡಿದಳು.

"ಸೀರೆ ಇನ್ನೂ ಐತಾ?"

"ಪೆಟ್ಟಿಗೇಲಿ ಐತೆ. ಇಲಿ ಬರ್ತದೆ ಅಂತ ದಿನಾ ನೋಡ್ತೀನಿ."

ಅವಳು ನಕ್ಕಳು. ಅವನು ತಲೆ ಬಗ್ಗಿಸಿ, ಬೇರೆ ಯಾರಿಗೂ ಕೇಳದಂತೆ ಕೇಳಿದ.

"ನೋಯ್ತಾ ಐತಾ ಕಾಳಿ?"

"ನೋಯ್ತಾ ಐತೆ," ಎಂದಳು ಅವಳು. "ಹಿಡ್ಕೊ."